ತಡವಿ ನೋಡುವ ಸೂಕ್ಷ್ಮದರ್ಶಕ

ರಾತ್ರಿ ಕರೆಂಟು ಹೋದಾಗ ಅಡುಗೆಮನೆಯ ಗೂಡಿನಲ್ಲಿ ಬೆಂಕಿಪೊಟ್ಟಣ ಹುಡುಕುವ ಕೈಗೆ ಕಣ್ಣಿನ ಹಂಗಿಲ್ಲ. ಪೊಟ್ಟಣದ ಮೂಲೆ, ಮದ್ದು ಬಳಿದ ಒರಟು ಪಕ್ಕ ಬೆರಳಿಗೆ ತಾಗಿದರೆ ಸಾಕು. ಪರಮಾಣು ಬಲ ಸೂಕ್ಷ್ಮದರ್ಶಕ ಮಾಡುವುದೂ ಅದನ್ನೇ. ವಸ್ತುವನ್ನು ಅದು ಮಸೂರದಿಂದ ನೋಡುವುದಿಲ್ಲ, ತಡವಿ ತಿಳಿಯುತ್ತದೆ.

ಶಾಲೆಯ ಪ್ರಯೋಗಾಲಯದ ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಿರಲಿ, ಸುಮಾರು 200 ನ್ಯಾನೊಮೀಟರ್‌ಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆ ಮಾಡಿ ತೋರಿಸಲಾರದು. ಅದು ಬೆಳಕಿನ ಅಲೆಯ ಮಿತಿ. 1981ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್, ಹೈನ್ರಿಖ್ ರೋರರ್ ಸೂಜಿಮೊನೆಯಿಂದ ಪರಮಾಣುಗಳನ್ನು ಗುರುತಿಸುವ ಯಂತ್ರ ಕಟ್ಟಿದರು. ಆದರೆ ಅದಕ್ಕೆ ವಿದ್ಯುತ್ ಹರಿಯುವ ವಸ್ತುವೇ ಬೇಕು. ಪಿಂಗಾಣಿ, ಪ್ಲಾಸ್ಟಿಕ್, ಜೀವಕೋಶ ಎಲ್ಲವೂ ಹೊರಗೆ. ಆ ಕೊರತೆ ನೀಗಲು ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್, ಕ್ರಿಸ್ಟೋಫ್ ಗರ್ಬರ್ 1986ರಲ್ಲಿ ಹೊಸ ಉಪಕರಣವನ್ನು ಪ್ರಕಟಿಸಿದರು. ಚಿನ್ನದ ತಗಡಿನ ಚೂರಿಗೆ ವಜ್ರದ ಕಣ ಅಂಟಿಸಿದ್ದು, ಅಷ್ಟೇ ಅದರ 'ಬೆರಳು'!

ಇಂದು ಆ ಬೆರಳು ಸಿಲಿಕಾನ್‌ನದು. ಕೂದಲಿನ ದಪ್ಪದಷ್ಟೇ ಉದ್ದದ ಪುಟ್ಟ ಹಲಗೆ, ಅದರ ತುದಿಯಲ್ಲಿ ಚೂಪು ಮೊನೆ. ಮೊನೆ ಉಬ್ಬು ತಗ್ಗುಗಳ ಮೇಲೆ ಸಾಗಿದಂತೆ ಹಲಗೆ ಬಾಗುತ್ತದೆ. ಅದರ ಬೆನ್ನಿಗೆ ಬಿಟ್ಟ ಲೇಸರ್ ಕಿರಣ ಪ್ರತಿಫಲಿಸಿ ದೂರದ ಸಂವೇದಕದ ಮೇಲೆ ಅಲುಗುತ್ತದೆ. ಕನ್ನಡಿ ಚೂರಿನಿಂದ ಬಿಸಿಲನ್ನು ಗೋಡೆಗೆ ಬಿಡುವ ಮಕ್ಕಳಿಗೆ ಈ ಗುಟ್ಟು ಗೊತ್ತು: ಕೈ ತುಸು ಓರೆಯಾದರೂ ಗೋಡೆಯ ಮೇಲೆ ಬೆಳಕು ಮಾರುದೂರ ಓಡುತ್ತದೆ. ಮೊನೆಯನ್ನು ಒತ್ತಿದರೆ ವಸ್ತು ಗಟ್ಟಿಯೋ ಮೆದುವೋ ತಿಳಿಯುತ್ತದೆ. ಹಿಂದಕ್ಕೆಳೆದರೆ ಎಷ್ಟು ಅಂಟುತ್ತದೆಂಬುದೂ ಸಿಗುತ್ತದೆ.

ಆದರೆ ಪುಸ್ತಕಗಳಲ್ಲಿ ಅಚ್ಚಾಗುವ ಬಣ್ಣದ ಚಿತ್ರಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. (ಬಣ್ಣವಂತೂ ಕಂಪ್ಯೂಟರ್ ಬಳಿದದ್ದು!) ದಪ್ಪ ಕೈಗವಸು ತೊಟ್ಟು ದಾರ ಮುಟ್ಟಿದರೆ ಅದು ಹಗ್ಗವೆನಿಸಬಹುದಲ್ಲವೆ? ಡಿಎನ್‌ಎ ಎಳೆಯ ಅಡ್ಡಳತೆ ಸುಮಾರು 2 ನ್ಯಾನೊಮೀಟರ್. ಈ ಚಿತ್ರಗಳಲ್ಲಿ ಅದು 10 ನ್ಯಾನೊಮೀಟರ್ ಅಗಲ ಕಾಣುವುದುಂಟು. ಅದರಲ್ಲಿ ಬಹುಪಾಲು ಮೊನೆಯದೇ ದಪ್ಪ. ಮೊನೆ ಮುರಿದು ಎರಡಾದರೆ ಪ್ರತಿ ಕಣವೂ ಜೋಡಿಯಾಗಿ ಮೂಡುತ್ತದೆ. ಹೊಸ ವಸ್ತು ಕಂಡೆವೆಂದು ಬೀಗಿದವರಿಗೆ ಸಿಕ್ಕಿದ್ದು ತಮ್ಮ ಸೂಜಿಯದೇ ಚಿತ್ರವಾಗಿರಬಹುದು. ಅದಕ್ಕೊಂದು ಸರಳ ಪರೀಕ್ಷೆಯಿದೆ. ಮಾದರಿಯನ್ನು ತಿರುಗಿಸಿ ಮತ್ತೆ ತಡವಬೇಕು. ಆಕಾರವೂ ತಿರುಗಿದರೆ ಅದು ವಸ್ತುವಿನದು, ಇದ್ದಂತೆಯೇ ನಿಂತರೆ ಮೊನೆಯದು.

2009ರಲ್ಲಿ ಅದೇ ಜ್ಯೂರಿಕ್ ಪ್ರಯೋಗಾಲಯದವರು ಮೊನೆಗೆ ಒಂದೇ ಒಂದು ಕಾರ್ಬನ್ ಮಾನಾಕ್ಸೈಡ್ ಅಣುವನ್ನು ಅಂಟಿಸಿಕೊಂಡರು. ಅಷ್ಟು ಸಪೂರವಾದ ಬೆರಳಿಗೆ ಪೆಂಟಾಸೀನ್ ಅಣುವಿನ ಐದು ಉಂಗುರಗಳೂ ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ಸಿಕ್ಕವು.