ಬೇಡುವ ಕೈ, ವಿಚಾರಿಸುವ ಮನ

ಬಸ್ ನಿಲ್ದಾಣದಲ್ಲಾಗಲಿ, ಜಾತ್ರೆಯಲ್ಲಾಗಲಿ ಅಪರಿಚಿತರೊಬ್ಬರು ಕೈಯೊಡ್ಡಿದಾಗ ಗೃಹಸ್ಥನ ಮನಸ್ಸು ಇಬ್ಬಗೆಯಾಗುತ್ತದೆ. ಕೊಡದಿದ್ದರೆ ದಯೆಗೆ ಕೊರತೆ. ಕೊಟ್ಟರೆ ವಂಚನೆಗೆ ಪೋಷಣೆಯಾದೀತೆಂಬ ಅಳುಕು. ಈ ಅಳುಕನ್ನು ನಾನೂ ಬಲ್ಲೆ.

2024ರ ಬೇಸಗೆಯಲ್ಲಿ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಮಗುವನ್ನೆತ್ತಿಕೊಂಡ ತಾಯಿಯೊಬ್ಬಳು ಬಳಿಗೆ ಬಂದು, "ಅಜ್ಜಾರ, ಚೀಲ ಕಳುವಾಗೇತ್ರಿ, ಊರಿಗೆ ಹೋಗಾಕ ಟಿಕೇಟಿಗೆ ರೊಕ್ಕ ಇಲ್ಲರಿ" ಎಂದಳು. ಪಕ್ಕದಲ್ಲಿದ್ದವರು, "ಹೆಣ್ಮಕ್ಕಳಿಗೆ ಬಸ್ಸು ಫ್ರೀ ಐತಲ್ಲ, ಇದೆಂಥಾ ಸುಳ್ಳು!" ಎಂದು ನಕ್ಕರು. ಆ ಮಾತು ನನಗೂ ಸರಿಯೆನಿಸಿತು, ಮುನ್ನಡೆದು ಬಸ್ಸನ್ನೇರಿದೆನು. ಕುಳಿತ ಮೇಲೆ ಹೊಳೆಯಿತು: 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಪ್ರಯಾಣಿಸಲು ಗುರುತಿನ ಚೀಟಿ ತೋರಿಸಬೇಕು. ಚೀಲವೇ ಕಳುವಾದವಳು ಅದನ್ನೆಲ್ಲಿಂದ ತಂದಾಳು? ಇಳಿದು ಹುಡುಕಿದೆನು, ಆಕೆ ಕಾಣಲಿಲ್ಲ. ಆಕೆಯ ಮಾತು ನಿಜವೋ ಸುಳ್ಳೋ ಇಂದಿಗೂ ನಾನರಿಯೆ. ಅರಿಯಲು ಒಂದು ಪ್ರಶ್ನೆಯನ್ನಾದರೂ ಕೇಳಲಿಲ್ಲವೆಂಬುದೇ ನನ್ನ ತಪ್ಪು.

ಬಸವಪುರಾಣದ ಪರಂಪರೆಯಲ್ಲಿ ಒಂದು ಕಥೆಯುಂಟು. ಕಳ್ಳರು ಬದನೆಕಾಯಿಗಳನ್ನು ಲಿಂಗವೆಂಬಂತೆ ಕಟ್ಟಿಕೊಂಡು ಜಂಗಮವೇಷದಲ್ಲಿ ಬಂದಾಗ, ಬಸವಣ್ಣನವರ ಭಕ್ತಿಗೆ ಆ ಬದನೆಕಾಯಿಗಳೇ ಲಿಂಗಗಳಾದವು. ಅಂತಹ ಭಕ್ತಿಯ ಬಲ ನಮಗಿಲ್ಲ. ಆದರೆ ಬಂದವನನ್ನು ಮೊದಲೇ ಕಳ್ಳನೆಂದು ತೀರ್ಮಾನಿಸಲಾಗದೆಂಬ ಪಾಠವಂತೂ ಅದರಲ್ಲಿದೆ. ಇನ್ನೊಂದೆಡೆ, ಆಯ್ದಕ್ಕಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಿದ ಪ್ರಸಂಗ ಎಲ್ಲರಿಗೂ ಪರಿಚಿತ. ಪಡೆಯುವುದಕ್ಕೂ ಶರಣರು ಮಿತಿಯಿರಿಸಿದ್ದರು. ಕಾಯಕದಿಂದ ಗಳಿಸಿದುದನ್ನು ವಿವೇಚನೆಯಿಲ್ಲದೆ ಚೆಲ್ಲುವುದೂ ದಾಸೋಹವಲ್ಲ.

ಹಾಗಾದರೆ ಗೃಹಸ್ಥನು ಮಾಡಬೇಕಾದುದೇನು? ಬೇಡಿಕೆಯ ರೂಪದಲ್ಲಿಯೇ ನೆರವು ನೀಡುವುದು. ಹಸಿವೆಂದವರಿಗೆ ಊಟ ಕೊಡಿಸಿರಿ. ಟಿಕೇಟೆಂದವರನ್ನು ಬಸ್ಸಿನವರೆಗೆ ಕರೆದೊಯ್ದು ನಿರ್ವಾಹಕರ ಕೈಗೆ ಹಣ ಕೊಡಿರಿ. ಔಷಧಿಯೆಂದವರಿಗೆ ಚೀಟಿ ನೋಡಿ ಅಂಗಡಿಯಲ್ಲಿ ಕೊಂಡುಕೊಡಿರಿ. ನಿಜವಾದ ಕಷ್ಟದವರು ಜೊತೆಗೆ ಬರುತ್ತಾರೆ. ಹಣವನ್ನಷ್ಟೇ ಬಯಸಿದವರು ಬಹುಮಟ್ಟಿಗೆ ಜಾರಿಕೊಳ್ಳುತ್ತಾರೆ. ಸಿದ್ಧಗಂಗೆಯಂತಹ ಮಠಗಳ ದಾಸೋಹದ ಮರ್ಮವೂ ಇದೇ: ಅಲ್ಲಿ ಹಸಿದವನಿಗೆ ದೊರೆಯುವುದು ಅನ್ನ.

ಎರಡು ಎಚ್ಚರಿಕೆಗಳು. ಮಕ್ಕಳನ್ನು ಮುಂದಿಟ್ಟು ಬೇಡುವುದನ್ನು ಕಂಡರೆ ನಾಣ್ಯ ಹಾಕಿ ಮರೆಯದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿರಿ; ಕೊಟ್ಟ ಹಣ ಆ ಮಗುವಿನ ಹೊಟ್ಟೆಗೇ ಸೇರೀತೆಂಬ ಭರವಸೆಯಿಲ್ಲ. ಮಠದ ಹೆಸರಿನಲ್ಲಿ ರಸೀದಿ ಪುಸ್ತಕವನ್ನೋ ಮೊಬೈಲಿನ ಪಾವತಿ ಸಂಕೇತವನ್ನೋ ಹಿಡಿದು ಬಂದವರಿದ್ದರೆ, ಮಠಕ್ಕೇ ದೂರವಾಣಿ ಮಾಡಿ ವಿಚಾರಿಸಿರಿ. ಇದು ಗುರುವಿಗೆ ಅಗೌರವವಲ್ಲ; ಜೋಳಿಗೆಯ ಪಾವಿತ್ರ್ಯವನ್ನು ಕಾಯುವ ಕೆಲಸ.

ಇಷ್ಟಾದರೂ ಒಮ್ಮೊಮ್ಮೆ ಮೋಸ ಹೋಗುತ್ತೇವೆ. ಆಗ ಕಳೆಯುವುದು ಹತ್ತಿಪ್ಪತ್ತು ರೂಪಾಯಿ. ಅದನ್ನು ನಾಳೆಯ ಕಾಯಕದಿಂದ ಗಳಿಸಬಹುದು. ಕೇಳದೆಯೇ ಮುಖ ತಿರುಗಿಸುವುದು ಅಭ್ಯಾಸವಾದರೆ ಕಳೆಯುವುದು ದಯೆ. ಮನೆಯ ಮಕ್ಕಳು ನಮ್ಮಿಂದ ಕಲಿಯುವುದೂ ಅದನ್ನೇ. ಆದುದರಿಂದ ಬಂಧುಗಳೇ, ಸಂಶಯ ಬಂದಾಗ ನಿಲ್ಲೋಣ, ವಿಚಾರಿಸೋಣ, ಬಳಿಕ ನಿರ್ಧರಿಸೋಣ.