ಕಂಬದ ಕುಳಿ ಹೇಳಿದ ಮನೆ

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಿಂತು ನೋಡಿದರೆ ನಮ್ಮ ಕಣ್ಣಿಗೆ ಬೀಳುವ ಮನೆಗಳು ಬಹುಮಟ್ಟಿಗೆ ಚೌಕವಾದವು. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಇದೇ ಸೀಮೆಯ ಬೆಟ್ಟಗಳ ಮೇಲೆ ವಾಸವಾಗಿದ್ದ ಜನರ ಮನೆಗಳಾದರೋ ದುಂಡಗಿದ್ದವು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು 1963-64ರಲ್ಲಿ ನಡೆಸಿದ ಉತ್ಖನನದಿಂದ ಇಂತಹ ಮನೆಗಳ ಕುರುಹುಗಳು ಬೆಳಕಿಗೆ ಬಂದವು.

ಆ ಮನೆಗಳ ಗೋಡೆ ಉಳಿದಿರಲಿಲ್ಲ, ಮಾಡು ಉಳಿದಿರಲಿಲ್ಲ. ಉಳಿದುದು ನೆಲ ಮಾತ್ರ. ಹಾಗಾದರೆ ಮನೆ ಹೀಗಿದ್ದಿತೆಂದು ಹೇಳುವುದು ಹೇಗೆ? ನೆಲದಲ್ಲಿ ನೆಟ್ಟ ಮರದ ಕಂಬವು ಕಾಲಕ್ರಮದಲ್ಲಿ ಕೊಳೆತು ಮಣ್ಣಾಗುತ್ತದೆ. ಆದರೆ ಅದು ನಿಂತಿದ್ದ ಕುಳಿಯಲ್ಲಿ ತುಂಬಿಕೊಂಡ ಮಣ್ಣು ಸುತ್ತಲಿನ ಗಟ್ಟಿನೆಲಕ್ಕಿಂತ ಸಡಿಲವಾಗಿಯೂ ಬೇರೆ ಬಣ್ಣದ್ದಾಗಿಯೂ ಇರುತ್ತದೆ. ಅಗೆಯುವವನು ಕುಂಚದಿಂದ ಮೆಲ್ಲನೆ ಗುಡಿಸಿದಾಗ ಆ ದುಂಡನೆಯ ಮಚ್ಚೆ ತೋರುತ್ತದೆ. ಇಂತಹ ಮಚ್ಚೆಗಳನ್ನು ಒಂದಕ್ಕೊಂದು ಸೇರಿಸಿ ಗೆರೆ ಎಳೆದರೆ ಗೋಡೆಯ ಸುತ್ತು ದೊರೆಯುತ್ತದೆ. ಸುಟ್ಟ ಮಣ್ಣಿನ ಹೆಂಟೆಯ ಮೇಲೆ ಬಿದಿರಿನ ಅಥವಾ ಕಡ್ಡಿಯ ಅಚ್ಚು ಮೂಡಿದ್ದರೆ ಆ ಗೋಡೆ ಮಣ್ಣು ಮೆತ್ತಿದ ತಡಿಕೆಯದೆಂದು ತಿಳಿಯಬಹುದು.

ತೆಕ್ಕಲಕೋಟೆಯ ಜನರು ಹೆಬ್ಬಂಡೆಗಳ ನಡುವಣ ಏರುಪೇರಾದ ಜಾಗವನ್ನು ಕಲ್ಲು, ಗರಸುಗಳಿಂದ ಸಮಮಾಡಿ ಅದರ ಮೇಲೆ ಗುಡಿಸಲು ಕಟ್ಟಿದರು. ಎಳೆಯ ಮಕ್ಕಳು ಸತ್ತರೆ ಮಡಕೆಯಲ್ಲಿಟ್ಟು ವಾಸಸ್ಥಳದಲ್ಲಿಯೇ ಹೂಳುತ್ತಿದ್ದರು. ದೂರದ ಕಾಡಿಗೆ ಒಯ್ಯಲು ತಾಯಿಯ ಮನಸ್ಸು ಒಪ್ಪಲಿಲ್ಲವೇನೋ! ಇದು ನನ್ನ ಊಹೆ. ನೆಲವು ಅಷ್ಟನ್ನು ಹೇಳುವುದಿಲ್ಲ.

ಮಾಡಿನ ವಿಷಯದಲ್ಲಿಯೂ ನೆಲವು ಮೌನವಾಗಿಯೇ ಇದೆ. ಇಲ್ಲಿ ಸಂಶೋಧಕರಿಗೆ ನೆರವಾದವರು ಅದೇ ಊರಿನ ಬೋಯ ಜನರು. ಅವರ ದುಂಡುಗುಡಿಸಲುಗಳನ್ನೂ ಶಂಕುವಿನಾಕಾರದ ಹುಲ್ಲಿನ ಮಾಡನ್ನೂ ನೋಡಿ ಶಿಲಾಯುಗದ ಮನೆಯ ರೂಪವನ್ನು ಕಲ್ಪಿಸಿಕೊಳ್ಳಲಾಯಿತು. ಬದುಕಿರುವವರ ಕೈಕೆಲಸವು ಗ್ರಂಥಕ್ಕಿಂತ ಮಿಗಿಲಾದ ಸಾಕ್ಷಿಯಾಗಬಲ್ಲುದು.

ಬೇರೆ ದೇಶಗಳಲ್ಲಿ ಈ ಕಲ್ಪನೆಯನ್ನು ಕಾಗದದ ಮೇಲೆ ಬಿಡದೆ ನಿಜವಾಗಿ ಕಟ್ಟಿ ನೋಡಿದ್ದಾರೆ. ಐರ್ಲೆಂಡಿನ ವೆಕ್ಸ್‌ಫರ್ಡ್ ಪಟ್ಟಣದ ಬಳಿ, ಫೆರಿಕ್ಯಾರಿಗ್ ಎಂಬಲ್ಲಿ 1987ರಲ್ಲಿ ತೆರೆದ ಬಯಲು ಉದ್ಯಾನದಲ್ಲಿ ಆ ನಾಡಿನ ಪ್ರಾಚೀನ ವಸತಿಗಳನ್ನು ಪುನಃ ನಿರ್ಮಿಸಲಾಗಿದೆ. ಮಣ್ಣಿನ ದಿಬ್ಬದಿಂದ ಸುತ್ತುವರಿದ ದುಂಡುಮನೆಗಳೂ ನೀರಿನ ನಡುವೆ ಮನುಷ್ಯನೇ ಕಟ್ಟಿದ ದ್ವೀಪದ ಮನೆಯೂ ಅಲ್ಲಿವೆ. ಕಟ್ಟಿ ನೋಡುವುದರಿಂದ ಪ್ರಯೋಜನವುಂಟು. ಒಲೆಯ ಹೊಗೆ ಹೋಗಲು ಮಾಡಿನ ತುದಿಯಲ್ಲಿ ಕಿಂಡಿ ಬೇಕೆಂದು ಯಾರಿಗಾದರೂ ತೋರುವುದು ಸಹಜ. ಇಂಗ್ಲೆಂಡಿನ ಬಟ್ಸರ್ ಎಂಬಲ್ಲಿ 1972ರಿಂದ ನಡೆದ ಪ್ರಯೋಗಗಳು ಬೇರೆಯದನ್ನೇ ತೋರಿಸಿದವು. ಹೊಗೆಯು ಹುಲ್ಲಿನ ಸಂದುಗಳಿಂದ ತಾನೇ ಸೋರಿಹೋಗುತ್ತದೆ. ಕಿಂಡಿಯಿಟ್ಟರೆ ಗಾಳಿ ಸೆಳೆದು ಕಿಡಿ ಮೇಲೇರಿ ಮಾಡಿಗೇ ಬೆಂಕಿ ತಗಲುವ ಭಯವುಂಟು.

ಆದರೆ ಇಂತಹ ಪುನರ್ನಿರ್ಮಾಣಕ್ಕೆಲ್ಲ ಮೂಲದ ನೆಲವು ಉಳಿದಿರಬೇಕು. ಬಳ್ಳಾರಿಗೆ ಸಮೀಪದ ಸಂಗನಕಲ್ಲು-ಕುಪ್ಪಗಲ್ಲು ಬೆಟ್ಟಗಳೂ ಇದೇ ಕಾಲದ ಜನರ ನೆಲೆ. ಕಲ್ಲುಕೊಡಲಿಗಳನ್ನು ಮಾಡುತ್ತಿದ್ದ ತಾಣವೂ ಅಲ್ಲಿದೆ. ಅಲ್ಲಿ ದೊರೆತ ವಸ್ತುಗಳನ್ನು ಬಳ್ಳಾರಿ ನಗರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಕೊಡಲಿಯನ್ನೂ ಮಡಕೆಯನ್ನೂ ಎತ್ತಿ ತಂದು ಗಾಜಿನ ಪೆಟ್ಟಿಗೆಯಲ್ಲಿಡಬಹುದು; ಕಂಬದ ಕುಳಿಯನ್ನು ಹಾಗೆ ಎತ್ತಿ ತರುವಂತಿಲ್ಲ. ಆ ಬೆಟ್ಟಗಳಲ್ಲಿ ನಡೆದ ಕಲ್ಲುಗಣಿಗಾರಿಕೆಯಿಂದ ಪ್ರಾಚೀನ ಕುರುಹುಗಳಿಗೆ ಹಾನಿಯಾಗಿದೆ. ಸಿಡಿಮದ್ದಿಗೆ ಬಂಡೆ ಸಿಡಿದಾಗ ಅದರ ಮೇಲಿದ್ದ ನೆಲಗಟ್ಟೂ ಒಲೆಯ ಬೂದಿಯೂ ಕುಳಿಗಳ ಸಾಲೂ ಜಲ್ಲಿಯೊಡನೆ ಲಾರಿಯೇರುತ್ತವೆ.