ಹಸು ಪ್ಲಾಸ್ಟಿಕ್ ಚೀಲ ತಿನ್ನುವುದೇಕೆ?

ಪ್ರಶ್ನೆ: ಬೀದಿಯ ಹಸುಗಳು ಪ್ಲಾಸ್ಟಿಕ್ ಚೀಲಗಳನ್ನು ನುಂಗುತ್ತವಲ್ಲ, ಅವಕ್ಕೆ ಗೊತ್ತಾಗುವುದಿಲ್ಲವೇ? ನುಂಗಿದ ಮೇಲೆ ಅದು ಸಗಣಿಯಲ್ಲಿ ಹೊರಬೀಳುವುದಿಲ್ಲವೇ?

ಉತ್ತರ: ಹಸುವಿಗೆ ಬೇಕಾದದ್ದು ಚೀಲವಲ್ಲ, ಒಳಗಿರುವ ಬಾಳೆಸಿಪ್ಪೆ, ಹಳಸಿದ ಅನ್ನ. ನಾವೋ, ಬಾಯಿಗೆ ಬಿಗಿಯಾಗಿ ಗಂಟು ಹಾಕಿ ಎಸೆದಿರುತ್ತೇವೆ! ಗಂಟು ಬಿಚ್ಚಲು ಅದಕ್ಕೆ ಕೈಯಿಲ್ಲ. ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳೂ ಇಲ್ಲ. ನಾಲಿಗೆಯಿಂದ ಬಳಸಿ ಎಳೆದುಕೊಂಡು, ಸರಿಯಾಗಿ ಅಗಿಯದೆ ನುಂಗಿಬಿಡುವುದು, ಆಮೇಲೆ ನೆಮ್ಮದಿಯಾಗಿ ಮೆಲುಕು ಹಾಕುವುದು ಅದರ ಹುಟ್ಟುಗುಣ. ಹುಲ್ಲುಗಾವಲಿಗೆ ಹೇಳಿ ಮಾಡಿಸಿದ ಈ ಕ್ರಮ ತಿಪ್ಪೆಯಲ್ಲಿ ಮುಳುವಾಗುತ್ತದೆ.

ನುಂಗಿದ್ದು ಮೊದಲು ಸೇರುವುದು ರೂಮೆನ್ ಎಂಬ ದೊಡ್ಡ ಹೊಟ್ಟೆಗೆ. ಅಲ್ಲಿನ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನೂ ಕರಗಿಸಬಲ್ಲವು, ಪಾಲಿಥೀನನ್ನಲ್ಲ. ಮುಂದಿನ ಹೊಟ್ಟೆಗೆ ಹೋಗುವ ದಾರಿಯೋ ಕಿರಿದು, ನುಣ್ಣಗಾದ ಮೇವಷ್ಟೇ ದಾಟಬೇಕು. ಹಾಗಾಗಿ ಚೀಲಗಳು ಅಲ್ಲೇ ಉಳಿದು, ಹಗ್ಗ, ಬಟ್ಟೆಚೂರುಗಳ ಜೊತೆ ಹೊಸೆದುಕೊಂಡು ಗಟ್ಟಿ ಉಂಡೆಯಾಗುತ್ತವೆ. ಹೊಟ್ಟೆ ತುಂಬಿದಂತೆ ಕಾಣುವ ಹಸು ಮೇವು ಬಿಟ್ಟು ಸೊರಗುತ್ತದೆ, ಹಾಲು ಇಳಿಯುತ್ತದೆ. ಮೇವು ಹುದುಗಿ ಹುಟ್ಟುವ ಗಾಳಿ ತೇಗಾಗಿ ಹೊರಬರದಿದ್ದರೆ ಹೊಟ್ಟೆಯುಬ್ಬರದಿಂದ ಸಾಯಲೂಬಹುದು.

ಔಷಧದಿಂದ ಈ ಉಂಡೆ ಕರಗದು, ಎಡಪಕ್ಕೆ ಕೊಯ್ದು ಕೈಹಾಕಿ ತೆಗೆಯಬೇಕು. 2019ರಲ್ಲಿ ಚೆನ್ನೈನ ಪಶುವೈದ್ಯರು ಒಂದೇ ಹಸುವಿನಿಂದ ಹೀಗೆ 52 ಕಿಲೋ ಹೊರತೆಗೆದರು.

ಕರ್ನಾಟಕ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ್ದು 2016ರಲ್ಲಿ. ಆದರೂ ಸೊಪ್ಪಿನ ಗಾಡಿಯವರ ಬಳಿ ತೆಳು ಚೀಲ ಸಿಕ್ಕೇ ಸಿಗುತ್ತದೆ, ಕೇಳುವವರು ನಾವೇ.